ಬೀಗಿತ್ತಿಯರ ಉಪ್ಪುನೀರು

ದುರ್ಗಿಗುಡಿಯ ವೇದಮ್ಮನವರ ಮನೆಯಲ್ಲಿ ಕೊಳೆಗೆ ಕಾಲಿಡಲು ಜಾಗವಿರಲಿಲ್ಲ. ಈ ಮಾತನ್ನು ಅವರ ಗಂಡ ಯಜ್ಞನಾರಾಯಣರು ಹೊಗಳಿಕೆಯಾಗಿಯೂ ಹೇಳುತ್ತಿದ್ದರು, ದೂರಾಗಿಯೂ ಹೇಳುತ್ತಿದ್ದರು. ಓದಿ ಮುಗಿಸುವ ಮೊದಲೇ ಪೇಪರು ರದ್ದಿಯ ಕಟ್ಟು ಸೇರುತ್ತಿತ್ತು. ಕಾಫಿ ಗಂಟಲಿಳಿಯುವ ಮೊದಲೇ ಲೋಟ ತೊಳೆದು ಕವುಚಿ ಹಾಕಿರುತ್ತಿತ್ತು. ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಡುತ್ತಿದ್ದಷ್ಟು ಕಾಲ ವೇದಮ್ಮ ಕ್ಲಾಸಿಗೆ ಕಾಲಿಟ್ಟೊಡನೆ ಮಾಡುತ್ತಿದ್ದ ಕೆಲಸ ಹಿಂದಿನ ಮೇಷ್ಟ್ರು ಬಿಟ್ಟುಹೋದ ಬೋರ್ಡನ್ನು ಒರೆಸುವುದು. ಆಮೇಲೆ ಒರೆಸಿದ್ದನ್ನೇ ಇನ್ನೊಮ್ಮೆ ಒರೆಸುವುದು.

ಇಂಥ ಮನೆಗೆ ಮಳೆಗಾಲದ ಶುರುವಿನ ಒಂದು ಭಾನುವಾರ ಅಳಿಯ ಪುನೀತ ಸಮುದ್ರವನ್ನೇ ಹೊತ್ತು ತಂದ.

ಹಾಲಿನ ಟೀಪಾಯಿಯಷ್ಟು ಅಗಲದ ಗಾಜಿನ ತೊಟ್ಟಿ. ಅದಕ್ಕೊಂದು ನೀಲಿ ದೀಪ, ನೀರು ತಳ್ಳುವ ಪುಟ್ಟ ಪಂಪು, ತೂತು ತೂತಾದ ಕಲ್ಲುಗಳು, ಬಿಳಿ ಮರಳು, ಮುಚ್ಚಳ ಹಾಕಿದ ಬಕೆಟ್ಟಿನಲ್ಲಿ ಒಂದೇ ಒಂದು ಕಿತ್ತಳೆ ಬಣ್ಣದ ಪಟ್ಟೆಮೀನು. ಪುನೀತ ಟ್ರ್ಯಾಕ್ಟರ್ ಕಂಪನಿಯೊಂದರಲ್ಲಿ ಸರ್ವಿಸ್ ನೋಡಿಕೊಳ್ಳುವವನು. ಕಂಪನಿಯವರು ಅವನನ್ನು ಮಳೆಗಾಲ ಮುಗಿಯುವ ತನಕ ಹುಬ್ಬಳ್ಳಿಗೆ ಹಾಕಿದ್ದರು. ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತಿದ್ದ ಮಗಳು ಶ್ರೀಗೌರಿಯೂ ಅಲ್ಲೇ ಒಂದು ಲ್ಯಾಬು ಹುಡುಕಿಕೊಂಡು ಗಂಡನ ಜೊತೆ ಹೊರಟಿದ್ದಳು. ಹೊಸಮನೆ ಬಡಾವಣೆಯ ಬಾಡಿಗೆ ಮನೆಗೆ ಬೀಗ ಹಾಕಬಹುದಿತ್ತು. ಮದುವೆಯಾದಾಗಿನಿಂದ ಇಬ್ಬರೂ ಸಾಕಿಕೊಂಡು ಬಂದ ಹವಳಗಳನ್ನು ಒಳಗಿಟ್ಟು ಬೀಗ ಹಾಕುವ ಹಾಗಿರಲಿಲ್ಲ. ಅದಕ್ಕೇ ದೊಡ್ಡ ತೊಟ್ಟಿಯಲ್ಲಿದ್ದುದನ್ನು ಎರಡು ಸಣ್ಣ ತೊಟ್ಟಿಗಳಿಗೆ ಪಾಲು ಮಾಡಿದ್ದರು. ಒಂದು ಪಾಲು ಭದ್ರಾವತಿಯ ಜನ್ನಾಪುರದಲ್ಲಿರುವ ಪುನೀತನ ತಾಯಿ ಪುಷ್ಪಮ್ಮನಿಗೆ ಹೋಗಿತ್ತು. ಇದು ಇನ್ನೊಂದು ಪಾಲು. ಒಬ್ಬ ತಾಯಿಗೆ ಕೊಟ್ಟು ಇನ್ನೊಬ್ಬ ತಾಯಿಗೆ ಕೊಡದಿದ್ದರೆ ಏನಾಗುತ್ತದೆಂದು ಗಂಡ ಹೆಂಡತಿ ಇಬ್ಬರಿಗೂ ಗೊತ್ತಿತ್ತು.

"ಹವಳ ಅಂದ್ರೆ ತಾಳಿಸರಕ್ಕೆ ಪೋಣಿಸ್ಕೊಳ್ಳೋದು ಅಂದ್ಕೊಂಡಿದ್ದೆನಲ್ಲೋ," ಎಂದರು ವೇದಮ್ಮ, ಕಲ್ಲಿನ ಮೇಲೆ ಅಂಟಿಕೊಂಡು ಅಲುಗಾಡುತ್ತಿದ್ದ ನಸುಗುಲಾಬಿ ಗೊಂಚಲನ್ನು ನೋಡುತ್ತ.

"ಇವು ಜೀವ ಇರೋವು ಅತ್ತೆ. ಗಿಡ ಅಲ್ಲ, ಪ್ರಾಣಿ. ಗಟ್ಟಿ ಹವಳ ಮನೇಲಿ ಇಡೋ ಹಾಗಿಲ್ಲ, ಕಾನೂನು ಬಿಡಲ್ಲ. ಇವೆಲ್ಲ ಮೆತ್ತಗಿರೋ ಜಾತಿ. ಹೊಸಬರ ಕೈಲೂ ಬದುಕ್ತವೆ. ಬರಿಗೈಲಿ ಮಾತ್ರ ಮುಟ್ಟಬೇಡಿ, ಕೆಲವಕ್ಕೆ ವಿಷ ಇರುತ್ತೆ. ಗ್ಲೌಸ್ ಇಟ್ಟಿದೀನಿ."

ಶ್ರೀಗೌರಿ ಪುಟ್ಟ ಪೆಟ್ಟಿಗೆಯೊಂದನ್ನು ಬಿಚ್ಚಿ ಗಾಜಿನ ಸಣ್ಣ ಕೊಳವೆಗಳನ್ನೂ ಔಷಧಿಯ ಸೀಸೆಗಳನ್ನೂ ಬಣ್ಣದ ಪಟ್ಟಿಯನ್ನೂ ಹೊರಗಿಟ್ಟಳು. "ಅಮ್ಮ, ಸರಿಯಾಗಿ ಕೇಳಿಸ್ಕೋ. ಮೀನು ತಿಂದು ಹೊರಗೆ ಹಾಕಿದ್ದು, ತಿನ್ನದೆ ಬಿಟ್ಟಿದ್ದು, ಎಲ್ಲಾ ನೀರಲ್ಲಿ ಕೊಳೆತು ಕೊನೆಗೆ ನೈಟ್ರೇಟ್, ಫಾಸ್ಫೇಟ್ ಅಂತ ಎರಡಾಗುತ್ತೆ. ನೈಟ್ರೇಟ್ ಇದ್ರೆ ಕೊಳವೆಯಲ್ಲಿ ಗುಲಾಬಿ ಬಣ್ಣ ಬರುತ್ತೆ, ಫಾಸ್ಫೇಟಿಗೆ ನೀಲಿ. ಜಾಸ್ತಿ ಆದ್ರೆ ಪಾಚಿ ಕಟ್ಟುತ್ತೆ. ವಾರಕ್ಕೊಂದ್ಸಲ ಸ್ವಲ್ಪ ನೀರು ತೆಗೆದು ಹೊಸ ಉಪ್ಪುನೀರು ಹಾಕು. ಹಾಗಂತ…"

ಅಷ್ಟರಲ್ಲಿ ಪುನೀತನ ಕೈಯ ಬಕೆಟ್ಟು ತುಳುಕಿತು. ವೇದಮ್ಮ ನೆಲ ಒರೆಸುವ ಬಟ್ಟೆ ತರಲು ಓಡಿದರು. ಅವರು ಒರೆಸಿ, ಒಣ ಬಟ್ಟೆಯಲ್ಲಿ ಮತ್ತೊಮ್ಮೆ ಒರೆಸಿ ಬರುವಷ್ಟರಲ್ಲಿ ಶ್ರೀಗೌರಿ ಹೇಳುವುದನ್ನೆಲ್ಲ ಹೇಳಿ ಮುಗಿಸಿ, ಇಟ್ಟಿಗೆ ಪುಡಿಯಂಥದು ತುಂಬಿದ ಪುಟ್ಟ ಬಟ್ಟೆಯ ಚೀಲವೊಂದನ್ನು ತೋರಿಸುತ್ತಿದ್ದಳು.

"ಇದು ಫಾಸ್ಫೇಟ್ ಹೀರ್ಕೊಳ್ಳುತ್ತೆ. ತೀರಾ ಬೇಕಾದ್ರೆ ಮಾತ್ರ. ಗೊತ್ತಾಯ್ತಾ?"

"ಗೊತ್ತಾಯ್ತು ಗೊತ್ತಾಯ್ತು," ಎಂದರು ವೇದಮ್ಮ.

ಅವರಿಬ್ಬರೂ ಹುಬ್ಬಳ್ಳಿಗೆ ಹೋದ ಮೇಲೆ ವೇದಮ್ಮನಿಗೆ ಆ ತೊಟ್ಟಿಯ ಹುಚ್ಚು ಹಿಡಿಯಿತು. ಸೀರಿಯಲ್ಲು ನೋಡುವುದನ್ನು ಬಿಟ್ಟು ಅದರೆದುರು ಕೂತರು. ನಸುಗುಲಾಬಿ ಗೊಂಚಲಿನ ತುದಿಗಳು ಕೂಸಿನ ಬೆರಳುಗಳ ಹಾಗೆ ಮುಚ್ಚಿ ಬಿಚ್ಚಿ, ಮುಚ್ಚಿ ಬಿಚ್ಚಿ, ಬೆಳಕಿದ್ದಷ್ಟು ಹೊತ್ತೂ ಸದ್ದಿಲ್ಲದೆ ಚಪ್ಪಾಳೆ ತಟ್ಟುತ್ತಿದ್ದವು. ಪುನೀತ ಹೇಳಿಹೋದ ಹೆಸರು ನಾಲಿಗೆಗೆ ಹೊಂದದೆ ವೇದಮ್ಮ ಅದನ್ನು ಚಪ್ಪಾಳೆ ಹವಳ ಎಂದು ಕರೆದರು. ಅದರ ಪಕ್ಕದಲ್ಲಿ ಅಂಗಿಯ ಗುಂಡಿಗಳಂತೆ ಹಸಿರು ಹೂಗಳು ಸಾಲಾಗಿದ್ದವು. ಅದು ಗುಂಡಿ ಹವಳವಾಯಿತು. ನೆರಳಿನಲ್ಲಿ ನೀಲಿ ಛಾಯೆಯ ಅಣಬೆಯಂಥದೊಂದು ಅಂಗೈಯಷ್ಟಗಲ ಬಿಚ್ಚಿಕೊಂಡಿತ್ತು.

ಮೊದಲ ಸಲ ನೀರು ಪರೀಕ್ಷೆ ಮಾಡಿದಾಗ ಕೊಳವೆಯಲ್ಲಿ ತೆಳುಗುಲಾಬಿ ಬಣ್ಣ ಕಂಡಿತು. ವೇದಮ್ಮ ಕೊಳವೆಯನ್ನು ಬಣ್ಣದ ಪಟ್ಟಿಯ ಪಕ್ಕ ಹಿಡಿದು ನೋಡಿದರು. ತಮ್ಮ ಮನೆಯಲ್ಲಿ, ತಮ್ಮ ಕಣ್ಣೆದುರಿಗೆ, ಕೊಳೆತದ್ದು ಇದೆ! ಅಂದೇ ನೀರು ಬದಲಾಯಿಸಿದರು. ಒಂದು ದಿನ ಬಿಟ್ಟು ಮತ್ತೆ ಬದಲಾಯಿಸಿದರು. ಶುದ್ಧ ನೀರಿನ ಘಟಕದಿಂದ ಕ್ಯಾನು ಹೊರುವ ಕೆಲಸ ಯಜ್ಞನಾರಾಯಣರ ಪಾಲಿಗೆ ಬಂತು. ಇಟ್ಟಿಗೆ ಪುಡಿಯ ಚೀಲ ತೊಟ್ಟಿಗೆ ಇಳಿಯಿತು; ಒಂದು ಸಾಲದೆಂದು ಇನ್ನೊಂದೂ ಇಳಿಯಿತು. ಮೀನಿಗೆ ಊಟವನ್ನು ಎರಡು ಬೆರಳಲ್ಲಿ ಹಿಡಿಯುವುದರಿಂದ ಒಂದು ಉಗುರಿನಲ್ಲಿ ಹಿಡಿಯುವಷ್ಟಕ್ಕೆ ಇಳಿಸಿದರು. ಮೀನು ಮೇಲೆ ಬಂದು ಬಾಯಿ ತೆರೆದು ಕೇಳಿದರೆ, "ಆಸೆಬುರುಕ, ಸಾಕು," ಎಂದರು. ಕೊನೆಗೊಂದು ಬೆಳಿಗ್ಗೆ ಎರಡು ಕೊಳವೆಗಳ ನೀರೂ ಬಾವಿಯ ನೀರಿನಂತೆ ಬಣ್ಣವಿಲ್ಲದೆ ನಿಂತಿತು.

"ಸೊನ್ನೆ!" ಎಂದು ವೇದಮ್ಮ ಒಳಗೆ ಬಂದು ಸಾರಿದರು. "ನಿಮ್ಮ ಶುಗರ್ರಿಗಿಂತ ನನ್ನ ನೀರು ಕಂಟ್ರೋಲಲ್ಲಿದೆ ನೋಡಿ."

"ನನ್ನ ಶುಗರ್ ಸೊನ್ನೆ ಬಂದ್ರೆ ನಾನಿರಲ್ಲ ಮಾರಾಯ್ತಿ," ಎಂದರು ಯಜ್ಞನಾರಾಯಣರು ಪೇಪರಿನ ಹಿಂದಿನಿಂದ. ವೇದಮ್ಮ ಅದನ್ನು ತಮಾಷೆಯೆಂದು ತಳ್ಳಿಹಾಕಿದರು.

ಆಮೇಲೆ ಚಪ್ಪಾಳೆ ನಿಧಾನವಾಯಿತು. ವೇದಮ್ಮ ಮೊದಲು ತಮ್ಮ ಕಣ್ಣಿಗೇ ಏನೋ ಆಗಿದೆ ಎಂದುಕೊಂಡು ಕನ್ನಡಕ ಒರೆಸಿದರು. ಮರುದಿನ ಬೆರಳುಗಳು ಅರ್ಧ ಬಿಚ್ಚಿ ಸುಮ್ಮನಾದವು. ಗುಂಡಿ ಹವಳದ ಹೂಗಳು ಒಂದೊಂದಾಗಿ ಮುಚ್ಚಿಕೊಂಡವು. ಅಂಗೈಯಗಲದ ಅಣಬೆ ಮುದುರಿ ಮುದುರಿ ಅಡಿಕೆಯಷ್ಟಾಯಿತು. ಅದಕ್ಕೆ ಸರಿಯಾಗಿ ಮರಳಿನ ಮೇಲೆ ಕಂದು ಲೋಳೆಯೊಂದು ಗುಳ್ಳೆ ಗುಳ್ಳೆಯಾಗಿ ಎದ್ದಿತು. ಲೋಳೆ ಎಂದರೆ ಕೊಳೆ. ಕೊಳೆ ಎಂದರೆ ವೇದಮ್ಮನಿಗೆ ಒಂದೇ ಮದ್ದು ಗೊತ್ತಿದ್ದುದು. ಹೀರಿ ತೆಗೆದರು, ಉಜ್ಜಿದರು, ನೀರು ಬದಲಾಯಿಸಿದರು. ಲೋಳೆ ಮರುದಿನ ಇನ್ನಷ್ಟು ಹಬ್ಬಿಕೊಂಡು ಬಂದಿತು.

ಮಗಳಿಗೆ ಹೇಳಲು ಬಾಯಿ ಬರಲಿಲ್ಲ. ಫೋನು ಮಾಡಿದಾಗಲೆಲ್ಲ, "ಹೇಗಿದಾವಮ್ಮ?" ಎಂದರೆ, "ನೀರು ಸೊನ್ನೆ ಇಟ್ಟಿದೀನಿ" ಎನ್ನಬೇಕೆಂದುಕೊಂಡು, ಎಲ್ಲಿ ಮುಂದಿನ ಪ್ರಶ್ನೆ ಬಂದೀತೋ ಎಂದು, "ಹ್ಞೂಂ, ಇದಾವೆ" ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು.

ಹಾಗಿರುವಾಗ ಪುಷ್ಪಮ್ಮನ ವಿಡಿಯೋ ಕಾಲ್ ಬಂತು.

ಈ ಬೀಗಿತ್ತಿಯರ ನಡುವೆ ಜಗಳವೇನೂ ಇರಲಿಲ್ಲ. ಸಲಿಗೆಯೂ ಇರಲಿಲ್ಲ. ಮಗಳು ಬೇರೆ ಜಾತಿಯ ಹುಡುಗನನ್ನು ಮೆಚ್ಚಿ ಬಂದಾಗ ವೇದಮ್ಮ ಕೂಗಾಡಲಿಲ್ಲ, ಅಳಲಿಲ್ಲ, ಮದುವೆಯನ್ನು ನಿಂತು ಮಾಡಿಸಿದರು. ಒಪ್ಪಿಕೊಂಡಿದ್ದರು, ಒಗ್ಗಿಕೊಂಡಿರಲಿಲ್ಲ. ಜನ್ನಾಪುರಕ್ಕೆ ಹೋದಾಗೆಲ್ಲ ಒಂದು ಬಾಳೆಹಣ್ಣು, ಒಂದು ಲೋಟ ಹಾಲು, "ಇವತ್ತು ಉಪವಾಸ ನೋಡಿ" ಎಂಬ ಮಾತು. ಪುಷ್ಪಮ್ಮ ಒತ್ತಾಯ ಮಾಡಿದವರಲ್ಲ. ಹಬ್ಬಕ್ಕೊಂದು ಫೋನು, ಆರೋಗ್ಯ ವಿಚಾರ, ಅಲ್ಲಿಗೆ ಮುಗಿಯುತ್ತಿತ್ತು.

"ಬೀಗ್ತಿಯೋರೆ, ನೋಡಿ ನಮ್ಮದು ಹೆಂಗೆ ಆಡ್ತಿದೆ!" ಎಂದು ಪುಷ್ಪಮ್ಮ ಫೋನನ್ನು ತೊಟ್ಟಿಗೆ ತೀರಾ ಹತ್ತಿರ ಹಿಡಿದರು. ಪರದೆಯ ತುಂಬ ಚಪ್ಪಾಳೆ ಹವಳ. ದುರ್ಗಿಗುಡಿಗೆ ಬಂದಾಗ ಎಷ್ಟಿತ್ತೋ ಅದರ ಎರಡರಷ್ಟಾಗಿ, ಮದುವೆ ಮನೆಯ ಹೆಂಗಸರ ಹಾಗೆ ದಬದಬ ತಟ್ಟುತ್ತಿತ್ತು.

"ಚೆನ್ನಾಗಿದೆ," ಎಂದರು ವೇದಮ್ಮ.

"ನಿಮ್ಮದು ತೋರ್ಸಿ."

ವೇದಮ್ಮ ಫೋನನ್ನು ಆಗಷ್ಟೇ ಒರೆಸಿದ್ದ ಗಾಜಿನ ಕಡೆಗೆ, ಅದರ ಹಿಂದಿನ ಖಾಲಿ ನೀರಿನ ಕಡೆಗೆ ತಿರುಗಿಸಿದರು. ಮೀನು ಒಂದು ಸಲ ಅಡ್ಡ ಹಾಯಿತು.

"ಅಬ್ಬ! ಏನ್ ಫಳಫಳ ಅಂತೀರಾ ಗಾಜು!" ಎಂದರು ಪುಷ್ಪಮ್ಮ, ನಿಜಕ್ಕೂ ಅಸೂಯೆಯಾದವರಂತೆ.

ಫೋನಿಟ್ಟ ಮೇಲೆ ವೇದಮ್ಮ ಮತ್ತೆ ತೊಟ್ಟಿಯೆದುರು ಕೂತರು. ಒಂದೇ ಬಳ್ಳಿಯ ಎರಡು ತುಂಡು. ಒಂದು ಅಲ್ಲಿ ಹಬ್ಬ ಮಾಡುತ್ತಿದೆ, ಒಂದು ಇಲ್ಲಿ ಸಾಯುತ್ತಿದೆ. ಮೊದಲು ಸಿಟ್ಟು ಬಂತು: ಅಳಿಯ ತನ್ನ ತಾಯಿಗೆ ಒಳ್ಳೆಯದನ್ನು ಕೊಟ್ಟು ತಮಗೆ ಕಸ ಕೊಟ್ಟನೇ? ಆ ಯೋಚನೆಗೆ ತಮಗೇ ನಾಚಿಕೆಯಾಯಿತು. ಆಮೇಲೆ ಬಂದದ್ದು ಬರಿಯ ದುಃಖ. ಆ ಪುಟ್ಟ ಬೆರಳುಗಳು ತಮ್ಮನ್ನು ಏನೋ ಕೇಳಿ ಕೇಳಿ ಸೋತು ಸುಮ್ಮನಾದಂತೆ ಅನ್ನಿಸಿತು.

"ನಾಳೆ ಭದ್ರಾವತಿಗೆ ಹೋಗಿ ಬರ್ತೀನಿ," ಎಂದರು ಗಂಡನಿಗೆ.

"ಏನು ವಿಶೇಷ?"

"ಹೆಸರುಂಡೆ ಮಾಡಿದೀನಿ. ಕೊಟ್ಟು ಬರ್ತೀನಿ."

ಯಜ್ಞನಾರಾಯಣರು ಕನ್ನಡಕದ ಮೇಲಿಂದ ನೋಡಿದರು. ಹೆಸರುಂಡೆ ಮಾಡಿದ್ದು ಅವರಿಗೆ ಗೊತ್ತಿರಲಿಲ್ಲ. ಯಾಕೆಂದರೆ ಅದನ್ನಿನ್ನೂ ಮಾಡಿರಲಿಲ್ಲ.

ಮರುದಿನ ಜನ್ನಾಪುರದ ಮನೆಯ ಬಾಗಿಲು ತೆರೆದೇ ಇತ್ತು. ಒಳಗೆ ಪುಷ್ಪಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಮೊಣಕೈ ತನಕ ಕೈ ತೊಟ್ಟಿಯಲ್ಲಿಟ್ಟು, ಹಳೆಯ ಟೂತ್‌ಬ್ರಷ್ಷಿನಿಂದ ಏನನ್ನೋ ಗಸಗಸ ಉಜ್ಜುತ್ತಿದ್ದರು. ಬಾಗಿಲಲ್ಲಿ ಬೀಗಿತ್ತಿಯನ್ನು ಕಂಡವರೇ ಗಾಬರಿಯಾಗಿ ತೊಟ್ಟಿಗೆ ಅಡ್ಡ ನಿಂತರು. ನಿಂತರೂ ಏನು ಪ್ರಯೋಜನ? ಪುಷ್ಪಮ್ಮನ ಎರಡೂ ಪಕ್ಕದಿಂದ ಹಸಿರು ಕಾಣುತ್ತಿತ್ತು. ಗಾಜು ಹಸಿರು, ಕಲ್ಲು ಹಸಿರು, ಕಲ್ಲಿನ ಮೇಲೆ ಕೂದಲಿನಂತೆ ಗೇಣುದ್ದ ಪಾಚಿ. ಆ ಹಸಿರು ಕಾಡಿನ ನಡುವೆ ವಿಡಿಯೋದಲ್ಲಿ ಕಂಡ ಚಪ್ಪಾಳೆ ಹವಳವೊಂದೇ ತಲೆಯೆತ್ತಿ ಕುಣಿಯುತ್ತಿತ್ತು.

"ಒಂದು ಫೋನ್ ಮಾಡಬಾರ್ದಿತ್ತಾ ಬೀಗ್ತಿಯೋರೆ," ಎಂದರು ಪುಷ್ಪಮ್ಮ, ಕೈಯಿಂದ ನೀರು ತೊಟ್ಟಿಕ್ಕಿಸುತ್ತ. "ಒಂದು ಪರದೆನಾದ್ರೂ ಹಾಕ್ತಿದ್ದೆ."

ವೇದಮ್ಮನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದರು, ಆಗಲಿಲ್ಲ. ಅವರು ನಕ್ಕದ್ದು ನೋಡಿ ಪುಷ್ಪಮ್ಮನಿಗೂ ನಗು ಬಂತು. ಕಾರ್ಖಾನೆಯಿಂದ ರಿಟೈರಾಗಿ ಮನೆಯಲ್ಲಿದ್ದ ಪುಷ್ಪಮ್ಮನ ಗಂಡ ಜಯಪ್ಪನವರು ಏನಾಯಿತೆಂದು ಹಿತ್ತಲಿಂದ ಬಂದು ಇಣುಕಿ, "ಬನ್ನಿ ಅಮ್ಮಾ, ಒಳ್ಳೇದಾಯ್ತು ಬಂದಿದ್ದು. ಈ ಕೆರೆಗೆ ಒಂದು ಗತಿ ಕಾಣ್ಸಿ," ಎಂದು ಮತ್ತೆ ಹಿತ್ತಲಿಗೆ ಹೋದರು.

ವೇದಮ್ಮ ಮೊದಲು ಅಳಿಯನ ಮಾತು ನೆನಪಿಸಿ ಬೀಗಿತ್ತಿಯ ಕೈಗೆ ಚೆನ್ನಾಗಿ ಸೋಪು ಹಾಕಿಸಿ ತೊಳೆಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಕೂತು, ಬಸ್ಸಿನುದ್ದಕ್ಕೂ ಹೇಗೆ ಹೇಳಲಿ ಎಂದುಕೊಂಡು ಬಂದದ್ದನ್ನು ಒಂದೇ ಉಸಿರಿಗೆ ಹೇಳಿಬಿಟ್ಟರು. "ನಮ್ಮದು ಸಾಯ್ತಾ ಇದೆ ಪುಷ್ಪಾ ಅವರೆ. ನಿಮಗೆ ತೋರಿಸಿದ್ದು ಬರೀ ಗಾಜು."

"ನಾನು ತೋರಿಸಿದ್ದು ಬರೀ ಹವಳ," ಎಂದರು ಪುಷ್ಪಮ್ಮ. "ಗುಂಡಿ ಇತ್ತಲ್ಲ, ಅದು ಪಾಚಿ ಒಳಗೆ ಎಲ್ಲೋ ಹೂತೋಗಿದೆ. ಹುಡುಕಿದ್ರೂ ಸಿಗಲ್ಲ."

"ನೀರು ಟೆಸ್ಟ್ ಮಾಡಿದ್ರಾ?"

"ಒಂದ್ಸಲ ಮಾಡಿದೆ. ಬೀಟ್‌ರೂಟ್ ಬೇಯಿಸಿದ ನೀರಿನ ಥರ ಬಂತು. ಹೆದರಿಕೆ ಆಗಿ ಪೆಟ್ಟಿಗೆ ಮುಚ್ಚಿ ಅಟ್ಟದ ಮೇಲಿಟ್ಟೆ."

ಅಟ್ಟದಿಂದ ಪೆಟ್ಟಿಗೆ ಇಳಿಯಿತು. ವೇದಮ್ಮ ಹನಿ ಎಣಿಸಿ ಹಾಕಿದರು. ಕೊಳವೆ ಕಡುಕೆಂಪಾಯಿತು, ಇನ್ನೊಂದು ಇಂಕಿನಂತೆ ನೀಲಿಯಾಯಿತು. "ಮೀನಿಗೆ ದಿನಕ್ಕೆಷ್ಟು ಹಾಕ್ತೀರಿ?"

"ದಿನಕ್ಕಾ? ಕೇಳಿದಾಗೆಲ್ಲ ಹಾಕ್ತೀನಪ್ಪ. ಬಾಯಿ ಬಿಟ್ಕೊಂಡು ಎದುರಿಗೆ ಬಂದು ನಿಂತ್ರೆ ಇಲ್ಲ ಅನ್ನೋಕಾಗುತ್ತಾ? ಇವ್ರೂ ಹಾಕ್ತಾರೆ, ನನಗೆ ಗೊತ್ತಿಲ್ಲ ಅಂದ್ಕೊಂಡು."

ಇನ್ನು ಮುಚ್ಚಿಟ್ಟು ಫಲವಿಲ್ಲವೆಂದು ಇಬ್ಬರೂ ಸೇರಿ ಹುಬ್ಬಳ್ಳಿಗೆ ಫೋನು ಹಚ್ಚಿದರು. ಪರದೆಯಲ್ಲಿ ಅಮ್ಮನೂ ಅತ್ತೆಯೂ ಒಟ್ಟಿಗೆ ಕಂಡದ್ದಕ್ಕೆ ಶ್ರೀಗೌರಿ ಗಾಬರಿಯಾಗಿ, "ಯಾರಿಗೇನಾಯ್ತು?" ಎಂದಳು. ಇಬ್ಬರೂ ಒಪ್ಪಿಕೊಂಡದ್ದನ್ನು ಪೂರ್ತಿ ಕೇಳಿ, ಹಣೆ ಚಚ್ಚಿಕೊಂಡು ನಕ್ಕಳು.

"ಅಮ್ಮಾ, ಸೊನ್ನೆ ಅಂದ್ರೆ ಚೊಕ್ಕಟ ಅಲ್ಲ. ಸೊನ್ನೆ ಅಂದ್ರೆ ಉಪವಾಸ! ಅವತ್ತು ಅದನ್ನೇ ಹೇಳ್ತಿದ್ದೆ, ನೀನು ನೆಲ ಒರೆಸೋಕೆ ಹೋದೆ. ಹವಳದ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ಇರುತ್ತೆ. ಅದು ಬೆಳಕಲ್ಲಿ ಅಡುಗೆ ಮಾಡಿ ಹವಳಕ್ಕೆ ಹಾಕುತ್ತೆ. ಆ ಪಾಚಿಗೆ ಚೂರು ನೈಟ್ರೇಟ್, ಚೂರು ಫಾಸ್ಫೇಟ್ ಬೇಕೇ ಬೇಕು."

"ಹಂಗಂದ್ರೆ ಗೊಬ್ಬರ," ಎಂದರು ಪುಷ್ಪಮ್ಮ ಪಟ್ಟನೆ.

"ಗೊಬ್ಬರನೇ ಅತ್ತೆ. ನೀವು ಲೋಡುಗಟ್ಟಲೆ ಸುರಿದ್ರಿ, ಅಮ್ಮ ಒಂದು ಬೊಗಸೆನೂ ಹಾಕ್ಲಿಲ್ಲ. ನೀರಲ್ಲಿ ಏನೂ ಇಲ್ದೇ ಇದ್ದಾಗ್ಲೇ ಆ ಕಂದು ಲೋಳೆ ಎದ್ದೇಳೋದು. ಅಮ್ಮ ತೊಳೆದಷ್ಟೂ ಅದಕ್ಕೆ ಅನುಕೂಲ ಆಯ್ತು."

ವೇದಮ್ಮನ ಮುಖ ಸಣ್ಣಗಾಯಿತು. ಇಷ್ಟು ದಿನ ತಾವು ಅಷ್ಟು ಶ್ರದ್ಧೆಯಿಂದ ಮಾಡಿದ್ದು, ಉಪವಾಸ ಕೆಡವಿದ್ದಾ? ಮೇಲೆ ಬಂದು ಬಾಯಿ ತೆರೆದ ಮೀನಿಗೆ ಆಸೆಬುರುಕ ಎಂದದ್ದು ನೆನಪಾಗಿ ಕಣ್ಣು ತುಂಬಿತು. ಪುಷ್ಪಮ್ಮ ಅದನ್ನು ನೋಡಿದರು. ನೋಡಿ, ಫೋನಿನ ಕಡೆಗೆ ತಿರುಗಿ, "ಅಲ್ಲ ಕಣೆ ಗೌರಿ, ನಮ್ಮಲ್ಲಿ ಅಜೀರ್ಣ, ಅವರಲ್ಲಿ ಹಸಿವು. ಇಲ್ಲಿನ ನೀರೇ ಒಂದಿಷ್ಟು ಅಲ್ಲಿಗೆ ತಗೊಂಡೋಗಿ ಹಾಕಿದ್ರೆ?" ಎಂದರು.

ಶ್ರೀಗೌರಿ ಒಂದು ಕ್ಷಣ ಯೋಚಿಸಿದಳು. "ಹಾಕಬಹುದು ಅತ್ತೆ! ಬಟ್ಟೇಲಿ ಸೋಸಿ, ಪಾಚಿ ಎಳೆ ಒಂದೂ ಹೋಗಬಾರ್ದು. ಒಂದೇ ಸಲ ಸುರಿಯೋದು ಬೇಡ. ದಿನಕ್ಕೊಂದು ಚೊಂಬು, ಅಷ್ಟೇ ನೀರು ತೆಗೆದು. ಕೊಳವೇಲಿ ತೆಳುಗುಲಾಬಿ ಕಂಡ ಕೂಡ್ಲೇ ನಿಲ್ಲಿಸಿ. ಅಮ್ಮ, ಆ ಎರಡು ಚೀಲನೂ ಹೊರಗೆ ತೆಗಿ. ಮೀನಿಗೆ ಹೊಟ್ಟೆ ತುಂಬ ಹಾಕು. ಅತ್ತೆ, ನೀವು ದಿನಕ್ಕೆ ಒಂದೇ ಸಲ. ಮಾವಂಗೂ ಹೇಳಿ. ನೀರು ವಾರವಾರ ಸ್ವಲ್ಪ ಸ್ವಲ್ಪ ಬದಲಾಯಿಸಿ. ಒಂದೇ ದಿನ ಎಲ್ಲಾ ಸರಿ ಮಾಡೋಕೆ ಹೋದ್ರೆ ಎರಡೂ ಕಡೆ ಸಾಯ್ತವೆ, ಆಯ್ತಾ?"

ಫೋನಿಟ್ಟಾಗ ಊಟದ ಹೊತ್ತು ಮೀರಿತ್ತು. ಪುಷ್ಪಮ್ಮ ಒಳಗೆ ಹೋಗಿ ತಟ್ಟೆಯಲ್ಲಿ ಎರಡು ಬಾಳೆಹಣ್ಣಿಟ್ಟುಕೊಂಡು ಬಂದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ತಗೊಳ್ಳಿ. ನೀವು ಬಂದಾಗೆಲ್ಲ ನಮ್ಮನೇಲಿ ಏಕಾದಶಿನೇ ಬರುತ್ತೆ," ಎಂದರು, ನಗುತ್ತಲೇ.

ವೇದಮ್ಮ ಬಾಳೆಹಣ್ಣನ್ನು ನೋಡಿದರು. ಬೀಗಿತ್ತಿಗೆ ಎಲ್ಲ ಗೊತ್ತಿತ್ತು. ಮೊದಲ ದಿನದಿಂದಲೇ ಗೊತ್ತಿತ್ತು. ಗೊತ್ತಿದ್ದೂ ಪ್ರತಿ ಸಲವೂ ಒಳ್ಳೆಯ ಹಣ್ಣನ್ನೇ ಆರಿಸಿ ತಂದು ಕೊಟ್ಟಿದ್ದರು. ಒಳಗಿನಿಂದ ಕಾದ ಹೆಂಚಿನ ಮೇಲೆ ಅಕ್ಕಿಹಿಟ್ಟು ಬೇಯುವ ವಾಸನೆ ಬರುತ್ತಿತ್ತು. ವೇದಮ್ಮನಿಗೆ ಹಸಿವಾಗಿತ್ತು, ಬೆಳಿಗ್ಗೆ ಉಂಡೆ ಕಟ್ಟುವ ಗಡಿಬಿಡಿಯಲ್ಲಿ ತಿಂಡಿಯನ್ನೂ ತಿಂದಿರಲಿಲ್ಲ.

"ಏನು ಮಾಡಿದೀರಿ ಅಡುಗೆ?"

ಪುಷ್ಪಮ್ಮ ಒಂದು ಗಳಿಗೆ ತಬ್ಬಿಬ್ಬಾದರು. "ಅಕ್ಕಿರೊಟ್ಟಿ, ಕಾಯಿಚಟ್ನಿ. ಸೋಮವಾರ ನಮ್ಮಲ್ಲೂ ಮಾಡಲ್ಲ ಬೇರೆ ಏನೂ. ಸೊಪ್ಪಿನ ಪಲ್ಯ ಇದೆ."

"ಹಾಗಾದ್ರೆ ಬಡಿಸಿ. ಈ ಉಪವಾಸದ ಕಥೆ ಇವತ್ತಿಗೆ ಸಾಕು."

ಪುಷ್ಪಮ್ಮ ಒಳಗೆ ಹೋಗಿ ಉರಿ ಜೋರು ಮಾಡಿದರು. ಮೊದಲ ರೊಟ್ಟಿ ಸ್ವಲ್ಪ ಸೀದಿತ್ತು. ವೇದಮ್ಮ ಅಡುಗೆಮನೆಯಲ್ಲೇ ಮಣೆ ಹಾಕಿಕೊಂಡು ಕೂತು ಅದನ್ನೂ ತಿಂದರು, ಬಿಸಿಬಿಸಿಯಾಗಿ ಮೇಲಿಂದ ಮೇಲೆ ಬಂದದ್ದನ್ನೂ ತಿಂದರು. ಸಾಕು ಎಂದರೂ ಪುಷ್ಪಮ್ಮ ಕೇಳಲಿಲ್ಲ. ತೊಟ್ಟಿಯ ಮೀನಿನ ಪಾಡು ಏನಿರಬಹುದೆಂದು ವೇದಮ್ಮನಿಗೆ ಆಗ ಚೆನ್ನಾಗಿ ಅರ್ಥವಾಯಿತು.

ಸಂಜೆ ಬಸ್ಸಿನಲ್ಲಿ ವೇದಮ್ಮನ ಕಾಲ ಬಳಿ ಎರಡು ಕ್ಯಾನುಗಳಿದ್ದವು.

"ಏನಮ್ಮಾ ಕ್ಯಾನಲ್ಲಿ? ಎಣ್ಣೆ ಆದ್ರೆ ಲಗೇಜು," ಎಂದ ಕಂಡಕ್ಟರ್.

"ನೀರಪ್ಪ. ಸಮುದ್ರದ್ದು."

ಪಕ್ಕದಲ್ಲಿ ಕೂತಿದ್ದ ಮುದುಕಿಯ ಕಿವಿ ನೆಟ್ಟಗಾಯಿತು. "ರಾಮೇಶ್ವರದ್ದಾ ತಾಯಿ? ಒಂದು ಹನಿ ಪ್ರೋಕ್ಷಣೆ ಮಾಡಿ, ಪುಣ್ಯ ಬರ್ಲಿ."

"ಇಲ್ಲ ಅಜ್ಜಿ, ನಮ್ಮ ಬೀಗರ ಮನೇದು," ಎಂದರು ವೇದಮ್ಮ. ಮುದುಕಿಗೆ ಏನೂ ತಿಳಿಯಲಿಲ್ಲ. ಆದರೂ ಕ್ಯಾನಿಗೆ ಕೈ ಮುಟ್ಟಿಸಿ ಕಣ್ಣಿಗೊತ್ತಿಕೊಂಡಳು.

ಮನೆಗೆ ಬಂದು ಮೊದಲ ಚೊಂಬು ನೀರನ್ನು ತೊಟ್ಟಿಗೆ ಸುರಿಯುವಾಗ ವೇದಮ್ಮನ ಕೈ ತಾನಾಗಿ ತಡೆಯಿತು. ಸೋಸಿದ್ದರೂ ಆ ನೀರಿಗೆ ತೆಳುಹಳದಿ ಬಣ್ಣವಿತ್ತು. ಇಷ್ಟು ವರ್ಷ ಗೊತ್ತಿದ್ದೂ ಗೊತ್ತಿದ್ದೂ ಕೊಳಕು ನೀರನ್ನು ಶುದ್ಧ ನೀರಿಗೆ ಸುರಿದವರಲ್ಲ ಅವರು. ಯಜ್ಞನಾರಾಯಣರು ಪಕ್ಕದಲ್ಲಿ ಬಂದು ನಿಂತು, "ಕ್ಯಾನು ಹೊರೋದು ತಪ್ಪಿತಲ್ಲ, ನಾನು ಬೇಕಾದ್ರೆ ಸುರೀತೀನಿ," ಎಂದರು. ವೇದಮ್ಮ ಚೊಂಬು ಕೊಡಲಿಲ್ಲ. ತಾವೇ ನಿಧಾನವಾಗಿ ಸುರಿದರು. ಮೀನಿಗೆ ಕೈತುಂಬ ಅಲ್ಲದಿದ್ದರೂ ಮನಸ್ಸು ತುಂಬ ಹಾಕಿದರು.

ಮಾರನೇ ದಿನವೇ ಪವಾಡವೇನೂ ನಡೆಯಲಿಲ್ಲ. ಲೋಳೆ ಇನ್ನೂ ಇತ್ತು. ಅದನ್ನು ಮುಟ್ಟದೆ ಇರುವುದೇ ವೇದಮ್ಮನಿಗೆ ದೊಡ್ಡ ತಪಸ್ಸಾಯಿತು. ಬಟ್ಟೆ ಹಿಡಿದು ಎದ್ದು ಹೋದವರು ಅರ್ಧದಲ್ಲಿ ತಿರುಗಿ ಬಂದು ಕಿಟಕಿ ಒರೆಸುತ್ತಿದ್ದರು; ಆ ಆಷಾಢದಲ್ಲಿ ಮನೆಯ ಕಿಟಕಿಗಳು ಹೊಳೆದಷ್ಟು ಹಿಂದೆಂದೂ ಹೊಳೆದಿರಲಿಲ್ಲ. ಅಣಬೆ ಉಳಿಯಲಿಲ್ಲ. ಒಂದು ದಿನ ಅದಿದ್ದ ಜಾಗದಲ್ಲಿ ಬರಿಯ ಕಲ್ಲಿತ್ತು. ವೇದಮ್ಮ ಆ ಹೊತ್ತು ಪುಷ್ಪಮ್ಮನಿಗೆ ಫೋನು ಮಾಡಿ ಸ್ವಲ್ಪ ಅತ್ತರು.

"ಅಳಬೇಡಿ ಅಕ್ಕಾ," ಎಂದರು ಪುಷ್ಪಮ್ಮ. ಬೀಗ್ತಿಯೋರೆ ಹೋಗಿ ಅಕ್ಕ ಬಂದದ್ದನ್ನು ಇಬ್ಬರೂ ಗಮನಿಸಲಿಲ್ಲ. "ಇಲ್ಲಿ ಪಾಚಿ ಕಿತ್ತು ಕಿತ್ತು ನನ್ನ ಬೆನ್ನು ಬಿದ್ದೋಯ್ತು. ಈ ವಾರ ಬನ್ನಿ. ಉಜ್ಜೋ ಕೆಲಸ ನಿಮ್ಮಷ್ಟು ಯಾರಿಗೂ ಬರಲ್ಲ."

ವೇದಮ್ಮ ಹೋದರು. ಗ್ಲೌಸ್ ಹಾಕಿಕೊಂಡು, ತಿಂಗಳಿಂದ ತಡೆದಿಟ್ಟ ಚಪಲವನ್ನೆಲ್ಲ ಜನ್ನಾಪುರದ ಗಾಜಿನ ಮೇಲೆ ತೀರಿಸಿಕೊಂಡರು. ತಮ್ಮಲ್ಲಿ ಬೇಡವಾಗಿದ್ದ ಇಟ್ಟಿಗೆ ಪುಡಿಯ ಚೀಲವೊಂದನ್ನು ಇಲ್ಲಿಯ ಪಂಪಿನ ಪಕ್ಕ ಇಳಿಬಿಟ್ಟರು. ಪಾಚಿಯ ಕಾಡು ಕಡಿದ ಹಾಗೆಲ್ಲ ಹೂತುಹೋಗಿದ್ದ ಗುಂಡಿ ಹವಳ ಹೊರಗೆ ಬಂತು. ಅರ್ಧ ಹೋಗಿತ್ತು, ಅರ್ಧ ಬದುಕಿತ್ತು. ಪುಷ್ಪಮ್ಮ ಜಯಪ್ಪನವರ ಕೈಗೆ ಸಿಗದಂತೆ ಮೀನಿನ ಊಟದ ಡಬ್ಬವನ್ನು ಸಾಸಿವೆ ಡಬ್ಬದ ಹಿಂದೆ ಬಚ್ಚಿಟ್ಟಿದ್ದರು. ಮಧ್ಯಾಹ್ನ ಇಬ್ಬರೂ ಒಟ್ಟಿಗೆ ಉಂಡು, ಇಬ್ಬರೂ ನಡುಮನೆಯಲ್ಲಿ ಅಡ್ಡಾಗಿ, ಮಕ್ಕಳು ಚಿಕ್ಕವರಿದ್ದಾಗಿನ ಮಾತಾಡಿದರು.

ಶ್ರಾವಣದ ಒಂದು ಬೆಳಿಗ್ಗೆ ವೇದಮ್ಮ ತೊಟ್ಟಿಯ ದೀಪ ಹಾಕಿದಾಗ ಗೊಂಚಲಿನ ತುದಿಯಲ್ಲಿ ಒಂದೇ ಒಂದು ಕೈ ಮೆಲ್ಲಗೆ ಮುಚ್ಚಿತು. ಅವರು ಗಾಜಿನ ಹತ್ತಿರ ಬಾಗಿದರು. ಕೈ ಬಿಚ್ಚಿತು. ಮತ್ತೆ ಮುಚ್ಚಿತು.

"ರೀ! ಬನ್ನಿ ಇಲ್ಲಿ!"

ಸ್ನಾನ ಮಾಡುತ್ತಿದ್ದ ಯಜ್ಞನಾರಾಯಣರು ಟವಲು ಸುತ್ತಿಕೊಂಡು ಓಡಿ ಬಂದರು. ಮೈಯಿಂದ ಇಳಿದ ನೀರು ಹಾಲಿನ ತುಂಬ ಹೆಜ್ಜೆಯಾಯಿತು. ವೇದಮ್ಮ ಅದನ್ನು ನೋಡಲೇ ಇಲ್ಲ. ಗುಂಡಿ ಹವಳದಲ್ಲಿ ಮೂರು ಹೂ ಬಿಚ್ಚಿದ್ದವು. ಮರಳಿನ ಮೇಲಿನ ಲೋಳೆ ತೆಳುವಾಗಿತ್ತು. ಕೊಳವೆಯಲ್ಲಿ ಬಣ್ಣ ಇದೆಯೋ ಇಲ್ಲವೋ ಎನ್ನುವಷ್ಟು ತೆಳುಗುಲಾಬಿ. ಅದನ್ನು ಕಂಡು ಹೆದರಿದ ಕಾಲವೊಂದಿತ್ತೆಂದು ನೆನೆದು ಅವರು ಒಬ್ಬರೇ ನಕ್ಕರು.

ದಸರಾ ಕಳೆದ ಮೇಲೆ ಮಕ್ಕಳು ಹುಬ್ಬಳ್ಳಿಯಿಂದ ವಾಪಸು ಬಂದರು. ಹೊಸಮನೆಯ ಬೀಗ ತೆಗೆದು ಗುಡಿಸಿ, ದೊಡ್ಡ ತೊಟ್ಟಿಗೆ ಉಪ್ಪುನೀರು ತುಂಬಿಸಿ, ಪುನೀತ ಬಕೆಟ್ಟು ಹಿಡಿದು ದುರ್ಗಿಗುಡಿಗೆ ಬಂದ.

"ಯಾವುದಕ್ಕೆ ಬಕೆಟ್ಟು?" ಎಂದರು ವೇದಮ್ಮ.

"ಹವಳ ತಗೊಂಡೋಗೋಕೆ ಅತ್ತೆ."

"ಯಾರ ಹವಳ?"

ಪುನೀತ ಖಾಲಿ ಬಕೆಟ್ಟು ಹಿಡಿದು ಜನ್ನಾಪುರಕ್ಕೆ ಹೋದ. ಅಲ್ಲಿಯೂ ಅದೇ ಪ್ರಶ್ನೆ ಕಾದಿತ್ತು. ಅತ್ತೆ ಆಗಲೇ ಅಮ್ಮನಿಗೆ ಫೋನು ಮಾಡಿಯಾಗಿತ್ತು. ಕೊನೆಗೆ ಬಹಳ ಚೌಕಾಶಿಯ ಮೇಲೆ ಎರಡೂ ಕಡೆಯಿಂದ ಒಂದೊಂದು ತುಂಡು ಬಿಟ್ಟುಕೊಡುವುದೆಂದಾಯಿತು. ಗುಂಡಿ ಹವಳದ್ದು ದುರ್ಗಿಗುಡಿಯಿಂದ, ಚಪ್ಪಾಳೆಯದ್ದು ಜನ್ನಾಪುರದಿಂದ. ಪುನೀತ ಅವನ್ನು ಪುಟ್ಟ ಕಲ್ಲುಗಳಿಗೆ ಬಲೆಬಟ್ಟೆಯಲ್ಲಿ ಕಟ್ಟಿ ಇಳಿಬಿಟ್ಟ.

ಒಂದು ವಾರವಾಗಿರಬೇಕು, ಶ್ರೀಗೌರಿಯ ಫೋನು ಬಂತು. ಚಪ್ಪಾಳೆಯ ತುಂಡು ಕಟ್ಟು ಬಿಚ್ಚಿಕೊಂಡು ಎಲ್ಲೋ ಹೋಗಿದೆ, ತೊಟ್ಟಿಯಲ್ಲೆಲ್ಲೂ ಕಾಣುತ್ತಿಲ್ಲ. ವೇದಮ್ಮ ಆಟೋ ಹಿಡಿದು ಹೊಸಮನೆ ತಲುಪುವಷ್ಟರಲ್ಲಿ ಭದ್ರಾವತಿಯಿಂದ ಪುಷ್ಪಮ್ಮನೂ ಜಯಪ್ಪನವರೂ ಬಂದಿಳಿದಿದ್ದರು. ಎಲ್ಲರೂ ಗಾಜಿಗೆ ಮೂಗು ತಾಗಿಸಿ ಕೂತರು. ಪುನೀತ ಕಲ್ಲುಗಳನ್ನೆತ್ತಿ ನೋಡಿದ. ಶ್ರೀಗೌರಿ ಟಾರ್ಚು ಬಿಟ್ಟಳು. ಕರಗಿಯೇ ಹೋಗಿರಬೇಕೆಂದು ಪುಷ್ಪಮ್ಮನ ಮುಖ ಬಾಡತೊಡಗಿತ್ತು.

"ಪಂಪಿನ ಹಿಂದುಗಡೆ ಅದೇನ್ರೋ ಅದು?" ಎಂದರು ಜಯಪ್ಪನವರು.

ಪಂಪಿನ ಹಿಂದೆ, ಯಾರ ಕಣ್ಣಿಗೂ ಬೀಳದ ಮೂಲೆಯಲ್ಲಿ, ಕಲ್ಲೂ ಇಲ್ಲದೆ ಬಲೆಯೂ ಇಲ್ಲದೆ, ಬರಿಯ ಗಾಜಿಗೆ ತಾನೇ ಬೇರೂರಿ ಕೂತಿತ್ತು ಆ ತುಂಡು. ಉಗುರಿನಷ್ಟಿದ್ದುದು ಆಗಲೇ ಚೂರು ಬೆಳೆದಿತ್ತು. ನೀರಿನ ಸೆಳೆತಕ್ಕೆ ಓಲಾಡುತ್ತ ಟಪಟಪ ತಟ್ಟುತ್ತಿತ್ತು.

ಪುನೀತ ಗ್ಲೌಸ್ ಹಾಕಿಕೊಂಡು ಅದನ್ನು ಬಿಡಿಸಿ ಮತ್ತೆ ಕಲ್ಲಿಗೆ ಕಟ್ಟಲು ಕೈ ಹಾಕಿದ.

"ಮುಟ್ಟಬೇಡ!" ಎಂದರು ವೇದಮ್ಮ.

"ಅಲ್ಲೇ ಇರ್ಲಿ ಬಿಡೋ ಅದು!" ಎಂದರು ಪುಷ್ಪಮ್ಮ, ಅದೇ ಗಳಿಗೆಯಲ್ಲಿ.

ಪುನೀತ ಕೈ ಹಿಂದೆ ತೆಗೆದ. ಶ್ರೀಗೌರಿ ಕಾಫಿಗೆ ನೀರಿಡಲು ಒಳಗೆ ಹೋದಳು. ಬೀಗಿತ್ತಿಯರಿಬ್ಬರೂ ಎರಡು ಕುರ್ಚಿ ಎಳೆದು, ಆ ಮೂಲೆ ಚೆನ್ನಾಗಿ ಕಾಣುವ ಕಡೆಗೆ ತಿರುಗಿಸಿಕೊಂಡು ಕೂತರು.